ಸವಳು ನೀರಿನ ಸೀಮೆಯಲ್ಲಿ ಕಡಲ ಮೀನು: ಮನೆಯ ಗಾಜಿನ ತೊಟ್ಟಿಯಲ್ಲಿ ಕ್ಲೌನ್ ಮೀನು ಸಾಕುವ ಕ್ರಮ

ವಿಜಯಪುರ ಜಿಲ್ಲೆಯ ರೈತ ಬಾಂಧವರಿಗೆ ಉಪ್ಪು ನೀರಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ಈ ಜಿಲ್ಲೆಯನ್ನು ಹಾಯ್ದು ತಾಳಿಕೋಟೆಯ ಕಡೆಗೆ ಹರಿಯುವ ಡೋಣಿ ನದಿಯ ನೀರು ಉಪ್ಪು. ಅದರ ದಂಡೆಯ ಎರೆ ಭೂಮಿಯಾದರೋ ಹಿಂಗಾರಿ ಜೋಳಕ್ಕೆ ಹೆಸರಾದದ್ದು; ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಆ ಭೂಮಿಯಿಂದಲೇ. ತಿಕೋಟಾ, ಬಬಲೇಶ್ವರ ಭಾಗದ ಅನೇಕ ಕೊಳವೆ ಬಾವಿಗಳ ನೀರೂ ಬಾಯಿಗೆ ಸವಳಾಗಿಯೇ ಹತ್ತುತ್ತದೆ. ದ್ರಾಕ್ಷಿ ಪಡ ಹಾಕುವವರು ಡಾಗ್ರಿಡ್ಜ್ ಬೇರು ಸಸಿಯ ಮೇಲೆ ಕಸಿ ಕಟ್ಟುವುದಕ್ಕೆ ಈ ಉಪ್ಪೂ ಒಂದು ಕಾರಣ.

ಈಚಿನ ವರ್ಷಗಳಲ್ಲಿ ವಿಜಯಪುರ ನಗರದಲ್ಲಷ್ಟೇ ಅಲ್ಲದೆ ಹಳ್ಳಿಯ ಮನೆಗಳಲ್ಲೂ ಮೀನಿನ ಗಾಜಿನ ತೊಟ್ಟಿಗಳು ಕಾಣಸಿಗುತ್ತಿವೆ. ಮಕ್ಕಳು ಆಸೆಪಡುವುದು ಮಾತ್ರ ಬಂಗಾರದ ಮೀನಿಗಲ್ಲ. 2003ರಲ್ಲಿ ತೆರೆಕಂಡ ಹಾಲಿವುಡ್ಡಿನ ಕಾರ್ಟೂನ್ ಚಿತ್ರವೊಂದರಿಂದ ಮನೆಮಾತಾದ, ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಗಳಿರುವ ಕಡಲ ಮೀನು ಅವರಿಗೆ ಬೇಕು. ಆಗ ಹಿರಿಯರಲ್ಲಿ ಏಳುವ ಪ್ರಶ್ನೆ ಇದು: "ಸಮುದ್ರದ ಮೀನಿಗೆ ಉಪ್ಪು ನೀರು ಬೇಕು. ನಮ್ಮ ಬೋರಿನ ನೀರು ಹೇಗೂ ಉಪ್ಪಾಗಿದೆ. ಬೇಕಾದರೆ ನಾಲ್ಕು ಹಿಡಿ ಅಡಿಗೆ ಉಪ್ಪು ಕೂಡಿಸಿ ಇದರಲ್ಲೇ ಯಾಕೆ ಸಾಕಬಾರದು?"

ಪ್ರಶ್ನೆ ಸಹಜವಾಗಿಯೇ ಇದೆ. ಆದರೆ ಹಾಗೆ ಸಾಕಲು ಹೋದರೆ ಹಣ ಕೊಟ್ಟು ತಂದ ಮೀನು ಒಂದು ವಾರವೂ ಉಳಿಯುವುದು ಕಷ್ಟ. ಬಾವಿಯ ಉಪ್ಪು ಬೇರೆ, ಕಡಲಿನ ಉಪ್ಪು ಬೇರೆ. ಈ ಭೇದವನ್ನು ಅರಿತವರು ಕಡಲಿನಿಂದ ದೂರದ ಈ ಒಣ ಸೀಮೆಯಲ್ಲಿಯೂ ಒಂದು ಜೋಡಿ ಕಡಲ ಮೀನನ್ನು ಹತ್ತು ವರ್ಷ ಚೆನ್ನಾಗಿ ಸಾಕಬಹುದು. ಹೊಲದ ಮಣ್ಣು ಮತ್ತು ನೀರಿನ ಪರೀಕ್ಷಾ ವರದಿಯನ್ನು ಓದಿ ತಿಳಿಯಬಲ್ಲ ರೈತನಿಗೆ ಇದು ಕಠಿಣವಾದ ವಿದ್ಯೆಯೇನೂ ಅಲ್ಲ.

ಬಾವಿಯ ಉಪ್ಪು, ಕಡಲಿನ ಉಪ್ಪು

ನೀರಿನ ಪರೀಕ್ಷಾ ವರದಿಯಲ್ಲಿ ವಿದ್ಯುತ್ ವಾಹಕತೆ ಎಂದು ಒಂದು ಅಂಕಿ ಇರುತ್ತದೆ. ಇದನ್ನು ಈಗ ಡೆಸಿ ಸೈಮನ್ಸ್ ಎಂಬ ಮಾನದಲ್ಲಿ ಬರೆಯುತ್ತಾರೆ. ಹಳೆಯ ವರದಿಗಳಲ್ಲಿ ಮಿಲಿಮ್ಹೋ ಎಂದಿದ್ದರೆ ಗಾಬರಿಯಾಗಬೇಕಿಲ್ಲ, ಅಂಕಿ ಅದೇ. ಈ ಅಂಕಿ 2.25ನ್ನು ದಾಟಿದ ನೀರು ನೀರಾವರಿಗೆ ಅತಿ ಉಪ್ಪಿನದೆಂದು ಪರಿಗಣಿಸಲ್ಪಡುತ್ತದೆ. ದ್ರಾಕ್ಷಿಯಂತಹ ನಾಜೂಕು ಬೆಳೆಯಲ್ಲಿ ಬೇರಿನ ಸುತ್ತಲಿನ ಮಣ್ಣಿನ ದ್ರಾವಣ 1.5 ದಾಟುತ್ತಲೇ ಇಳುವರಿ ಕುಗ್ಗತೊಡಗುತ್ತದೆ. ಕಡಲ ನೀರಿನ ವಾಹಕತೆಯಾದರೋ 50ಕ್ಕೂ ಮೇಲು. ನಾವು ಬಾಯಿಗೆ ಹಾಕಿ ಉಗುಳುವ, ವಾಹಕತೆ 3 ಇರುವ ಬೋರಿನ ನೀರಿನಲ್ಲಿ ಲೀಟರಿಗೆ ಸುಮಾರು 2 ಗ್ರಾಂ ಲವಣವಿದ್ದರೆ ಕಡಲ ನೀರಿನಲ್ಲಿ 35 ಗ್ರಾಂ ಇರುತ್ತದೆ. ಎಂದರೆ ನಮ್ಮ ಪಾಲಿಗೆ ಕಡು ಉಪ್ಪೆನಿಸುವ ನೀರು ಕಡಲ ಮೀನಿಗೆ ಸಿಹಿ ನೀರೇ ಸರಿ.

ಹಾಗಾದರೆ ಅಡಿಗೆ ಉಪ್ಪು ಸುರಿದು 35 ಗ್ರಾಂ ಮಾಡಿದರಾಯಿತಲ್ಲ ಎನ್ನಬಹುದು. ಇಲ್ಲಿಯೇ ಎರಡನೆಯ ಭೇದವಿದೆ. ಕಡಲಿನ ಲವಣದಲ್ಲಿ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಅಡಿಗೆ ಉಪ್ಪೇ ಆಗಿದ್ದರೂ ಉಳಿದ ಪಾಲು ಬಹು ಮುಖ್ಯವಾದದ್ದು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಷಿಯಂ, 0.4 ಗ್ರಾಂ ಸುಣ್ಣಾಂಶ ಅಂದರೆ ಕ್ಯಾಲ್ಸಿಯಂ, ಹೆಚ್ಚುಕಡಿಮೆ ಅಷ್ಟೇ ಪೊಟ್ಯಾಷಿಯಂ ಮತ್ತು 2.7 ಗ್ರಾಂ ಸಲ್ಫೇಟ್ ಇರುತ್ತವೆ. ಲೋಕದ ಯಾವ ತೆರೆದ ಸಾಗರದ ನೀರನ್ನು ತಂದು ಪರೀಕ್ಷಿಸಿದರೂ ಈ ಧಾತುಗಳು ಒಂದಕ್ಕೊಂದು ಇದೇ ಪ್ರಮಾಣದಲ್ಲಿ ಕಂಡುಬರುತ್ತವೆ. ಬಾವಿಯ ನೀರಿನಲ್ಲಿ ಅಂತಹ ನಿಯಮವಿಲ್ಲ. ಒಂದು ಬಾವಿಯಲ್ಲಿ ಸುಣ್ಣ ಹೆಚ್ಚು, ಪಕ್ಕದ ಹೊಲದ ಬಾವಿಯಲ್ಲಿ ಸೋಡಿಯಂ ಹೆಚ್ಚು. ಪೊಟ್ಯಾಷಿಯಂ ಮಾತ್ರ ಬಹುತೇಕ ಎಲ್ಲ ಬಾವಿಗಳಲ್ಲೂ ಅತ್ಯಲ್ಪ, ಏಕೆಂದರೆ ಜೇಡಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಲಕ್ಕೆ ಹಾಕಿದ ಪೊಟ್ಯಾಷ್ ಗೊಬ್ಬರ ಎರೆ ಭೂಮಿಯಲ್ಲಿ ಬಸಿದು ಹೋಗದಿರುವುದೂ ಇದೇ ಗುಣದಿಂದ.

ಇದು ಬರಿಯ ಪುಸ್ತಕದ ಮಾತಲ್ಲ. ಹರಿಯಾಣಾ ರಾಜ್ಯದಲ್ಲಿ ಅಂತರ್ಜಲ ಉಪ್ಪಾಗಿ ಬೇಸಾಯಕ್ಕೆ ಒದಗದ ಭೂಮಿಯಲ್ಲಿ ಸೀಗಡಿ ಸಾಕುವ ಪ್ರಯತ್ನ ನಡೆದು ಯಶಸ್ವಿಯಾಗಿದೆ. ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಗೆ ಸೇರಿದ, ರೋಹ್ಟಕ್ ಬಳಿಯ ಲಾಹ್ಲಿ ಕೇಂದ್ರ ಈ ವಿಷಯದಲ್ಲಿ ಕೆಲಸ ಮಾಡುತ್ತಿದೆ. ಅಲ್ಲಿಯೂ ಎದುರಾದ ಮುಖ್ಯ ತೊಡಕು ಉಪ್ಪಿನ ಕೊರತೆಯಲ್ಲ, ಪೊಟ್ಯಾಷಿಯಂ ಕೊರತೆ. ನಾವು ಬೆಳೆಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷನ್ನೇ ಹೊಂಡದ ನೀರಿಗೆ ಬೆರೆಸಿ ಅಲ್ಲಿನ ರೈತರು ಸೀಗಡಿಯನ್ನು ಉಳಿಸಿಕೊಳ್ಳುತ್ತಾರೆ. ಇದನ್ನು ಓದಿ, ಎಪ್ಸಮ್ ಲವಣ, ಪೊಟ್ಯಾಷ್, ಕ್ಯಾಲ್ಸಿಯಂ ಕ್ಲೋರೈಡ್ ಎಲ್ಲ ಗೊಬ್ಬರದಂಗಡಿಯಲ್ಲೇ ಸಿಗುತ್ತವೆ, ಮನೆಯಲ್ಲೇ ಕಡಲ ನೀರು ಮಾಡೋಣವೆಂದು ಹೊರಡುವವರೂ ಉಂಟು. ಎಕರೆಗಟ್ಟಲೆ ಹೊಂಡಕ್ಕೆ ಒಪ್ಪುವ ಈ ಉಪಾಯ ನೂರು ಲೀಟರಿನ ಗಾಜಿನ ತೊಟ್ಟಿಗೆ ಒಪ್ಪುವುದಿಲ್ಲ. ಗೊಬ್ಬರ ದರ್ಜೆಯ ಲವಣಗಳಲ್ಲಿ ಉಳಿದಿರಬಹುದಾದ ಕಲ್ಮಶ ಸಣ್ಣ ತೊಟ್ಟಿಯಲ್ಲಿ ದಿನೇದಿನೇ ಕೂಡುತ್ತ ಹೋಗುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ ಕೃತಕ ಕಡಲುಪ್ಪನ್ನೇ ಕೊಳ್ಳತಕ್ಕದ್ದು.

ನೀರಿನಲ್ಲಿದ್ದೂ ಬಾಯಾರುವ ಜೀವ

ಸವಳು ಭೂಮಿಯಲ್ಲಿ ಹಸಿ ಇದ್ದರೂ ಬೆಳೆ ಬಾಡುವುದನ್ನು ನೋಡಿದ್ದೇವೆ. ಮಣ್ಣಿನ ದ್ರಾವಣ ಬೇರಿನೊಳಗಿನ ರಸಕ್ಕಿಂತ ಗಟ್ಟಿಯಾದಾಗ ಗಿಡ ನೀರನ್ನು ಎಳೆದುಕೊಳ್ಳಲಾರದು. ಕಡಲ ಮೀನು ಹುಟ್ಟಿದಾರಭ್ಯ ಇಂತಹ ಸ್ಥಿತಿಯಲ್ಲಿಯೇ ಬದುಕುತ್ತದೆ. ಅದರ ರಕ್ತದಲ್ಲಿನ ಲವಣ ಕಡಲ ನೀರಿನದರ ಮೂರನೆಯ ಒಂದು ಪಾಲು ಮಾತ್ರ. ಆದ್ದರಿಂದ ಮೈಯೊಳಗಿನ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಆ ನಷ್ಟ ತುಂಬಿಕೊಳ್ಳಲು ಮೀನು ಉಪ್ಪು ನೀರನ್ನೇ ಕುಡಿಯುತ್ತದೆ. ಹೆಚ್ಚಾದ ಸೋಡಿಯಂ ಮತ್ತು ಕ್ಲೋರೈಡನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ಹೊರಕ್ಕೆ ತಳ್ಳುತ್ತವೆ, ಮೆಗ್ನೀಷಿಯಂ ಮತ್ತು ಸಲ್ಫೇಟ್ ಮೂತ್ರದ ಮೂಲಕ ಹೋಗುತ್ತವೆ. ಕೆರೆಯ ಕಾಟ್ಲಾ, ರೋಹು ಮೀನುಗಳ ವ್ಯವಹಾರ ಇದಕ್ಕೆ ತೀರ ವಿರುದ್ಧ: ನೀರು ತಾನಾಗಿ ಮೈಯೊಳಗೆ ನುಗ್ಗುತ್ತಿರುತ್ತದೆ, ಅವು ಕುಡಿಯುವುದೇ ಕಡಿಮೆ.

ಹೀಗೆ ಗಳಿಗೆ ಗಳಿಗೆಗೂ ಉಪ್ಪನ್ನು ಹೊರಹಾಕುವ ಯಂತ್ರ ಕಡಲಿನ ನಿಶ್ಚಿತ ಲವಣಕ್ಕೆ ಹೊಂದಿಕೊಂಡಿದೆ. ನೀರಿನ ಉಪ್ಪು ಒಮ್ಮೆಲೇ ಏರಿದರೂ ಇಳಿದರೂ ಮೀನಿಗೆ ಏಟು ಬೀಳುತ್ತದೆ. ಕಡಲ ಮೀನು ಸಾಕುವುದೆಂದರೆ ಮೊದಲು ನೀರನ್ನು ಸ್ಥಿರವಾಗಿ ಸಾಕುವುದು.

ಯಾವ ಮೀನು ತಕ್ಕದ್ದು?

ಚಿಕ್ಕದು, ಸಾಧು ಸ್ವಭಾವದ್ದು, ಒಣ ಆಹಾರ ತಿನ್ನುವಂಥದು ಬೇಕು. ಕ್ಲೌನ್ ಮೀನಿನ ಜಾತಿಗಳಲ್ಲಿ ಆಂಫಿಪ್ರಿಯಾನ್ ಒಸೆಲ್ಲಾರಿಸ್ ಎಂಬುದು ಹೊಸಬರಿಗೆ ಉತ್ತಮ. ಸಾಮಾನ್ಯವಾಗಿ ಬೆರಳುದ್ದಕ್ಕೆ, 8 ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ. ಭಾರತದ ನೀರಿನಲ್ಲಿ ಅಂಡಮಾನದ ಹವಳದ ದಿಬ್ಬಗಳಲ್ಲಿ ಇದು ವಾಸಿಸುತ್ತದೆ. ಇದರ ದಾಯಾದಿಗಳು ಮನ್ನಾರ್ ಕೊಲ್ಲಿಯಲ್ಲೂ ಲಕ್ಷದ್ವೀಪದಲ್ಲೂ ಇವೆ. ಕಡಲಿನಲ್ಲಿ ಇವು ಕಡಲ ಹೂವೆಂಬ ಕುಟುಕುವ ಜೀವಿಯ ಎಳೆಗಳ ನಡುವೆ ಆಶ್ರಯ ಪಡೆಯುತ್ತವೆ. ಮನೆಯ ತೊಟ್ಟಿಯಲ್ಲಿ ಕಡಲ ಹೂವು ಇಲ್ಲದೆಯೂ ನಿಶ್ಚಿಂತೆಯಿಂದಿರುತ್ತವೆ. ಕಡಲ ಹೂವನ್ನು ಸಾಕುವುದು ಮೀನಿಗಿಂತ ಬಹಳ ಕಷ್ಟ, ಅದರ ಗೊಡವೆಗೆ ಹೋಗದಿರುವುದು ಲೇಸು.

ಈ ಮೀನಿನ ಒಂದು ವಿಚಿತ್ರ ಸಂಗತಿ ಹೇಳಲೇಬೇಕು. ಎಲ್ಲ ಮರಿಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಆದಕಾರಣ ಗಂಡು ಹೆಣ್ಣು ಆರಿಸುವ ತಾಪತ್ರಯವಿಲ್ಲ. ಗಾತ್ರದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಿರುವ ಎರಡು ಮರಿಗಳನ್ನು ಒಟ್ಟಿಗೆ ತಂದರೆ ಕಾಲಕ್ರಮದಲ್ಲಿ ಜೋಡಿಯಾಗುತ್ತವೆ. ಮೂರನೆಯದನ್ನು ಬಿಡಬಾರದು, ಅದನ್ನು ಬದುಕಗೊಡುವುದಿಲ್ಲ. ಅಂಗಡಿಯವರು ಅಗ್ಗದಲ್ಲಿ ಕೊಡುವ ನೀಲಿ ಡ್ಯಾಮ್ಸೆಲ್ ಮೀನು ನೋಡಲು ಚೆಂದ, ಸ್ವಭಾವದಲ್ಲಿ ಪುಂಡ. ಸಣ್ಣ ತೊಟ್ಟಿಗೆ ಅದು ಬೇಡ.

ಕೊಳ್ಳುವಾಗ ಕೇಳಬೇಕಾದ ಒಂದೇ ಪ್ರಶ್ನೆ: ಇದು ಮರಿ ಉತ್ಪಾದನಾ ಕೇಂದ್ರದಲ್ಲಿ ಹುಟ್ಟಿದ್ದೋ, ಕಡಲಿನಲ್ಲಿ ಹಿಡಿದದ್ದೋ? ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಮಂಡಪಂ ಮತ್ತು ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಉತ್ಪಾದನೆಯ ಕ್ರಮವನ್ನು ಸಾಧಿಸಿ ತೋರಿಸಿದ್ದಾರೆ. ತೊಟ್ಟಿಯಲ್ಲಿಯೇ ಹುಟ್ಟಿದ ಮರಿ ಒಣ ಆಹಾರಕ್ಕೆ ಒಗ್ಗಿರುತ್ತದೆ, ರೋಗವೂ ಕಡಿಮೆ. ಕಡಲಿನಿಂದ ಹಿಡಿದ ಮೀನು ಪ್ರಯಾಣದಲ್ಲೇ ಅರ್ಧ ಸತ್ತಿರುತ್ತದೆ. ಪೂರ್ವದ ಕೆಲವು ದೇಶಗಳಲ್ಲಿ ಸಯನೈಡ್ ಬಳಸಿ ಹಿಡಿಯುವುದೂ ಉಂಟು. ಹವಳ ಮತ್ತು ಕಡಲ ಕುದುರೆಗಳನ್ನಂತೂ ಯಾರಾದರೂ ಕೊಡಲು ಬಂದರೂ ಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಇವನ್ನು 2001ರಲ್ಲಿ ಸೇರಿಸಲಾಗಿದೆ.

ಮೊದಲ ಸಲ ತೊಟ್ಟಿ ಇಡುವವರು ನೇರವಾಗಿ ಕಡಲ ಮೀನಿಗೆ ಕೈಹಾಕುವ ಬದಲು ಆರು ತಿಂಗಳು ಕರಿ ಮೊಲ್ಲಿ ಮೀನನ್ನು ಸಾಕಿ ಕೈ ಪಳಗಿಸಿಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಉತ್ತಮ. ಇದು ಅಗ್ಗ, ಸಾಧು, ಮರಿಯನ್ನೇ ಹಾಕುವ ಮೀನು. ಗಡಸು ನೀರು, ಸ್ವಲ್ಪ ಸವಳು ನೀರು ಇದಕ್ಕೆ ಹಿಡಿಸುತ್ತದೆ. ಬೋರಿನ ನೀರು ಲೀಟರಿಗೆ ಒಂದೆರಡು ಗ್ರಾಂ ಉಪ್ಪಿನದಾಗಿದ್ದರೆ ಅದೇ ನೀರಿನಲ್ಲಿ ಬಿಡಬಹುದು. ಬಾವಿಯ ನೀರಿನಲ್ಲೇ ಸಾಕಬೇಕೆಂಬ ಹಟವಿದ್ದವರಿಗೆ ಇದೇ ಸರಿಯಾದ ಮೀನು.

ತೊಟ್ಟಿ ಮತ್ತು ನೀರು

ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ ಒಂದು ಜೋಡಿಗೆ ಸಾಕು. ಕಲ್ಲು, ಮರಳು ಕಳೆದು ಸುಮಾರು 100 ಲೀಟರು ನೀರು ಹಿಡಿಯುತ್ತದೆ. ಇನ್ನೂ ಚಿಕ್ಕ ತೊಟ್ಟಿ ಅಗ್ಗವೆಂದು ತೋರಿದರೂ ಅದರಲ್ಲಿ ಉಪ್ಪು ಮತ್ತು ಬಿಸಿ ಬೇಗ ಏರಿಳಿಯುವುದರಿಂದ ಕೊನೆಗೆ ದುಬಾರಿಯಾಗುತ್ತದೆ. ತುಂಬಿದ ಮೇಲೆ ಒಂದೂವರೆ ಕ್ವಿಂಟಲಿನಷ್ಟು ಭಾರವಾಗುವುದರಿಂದ ಗಟ್ಟಿ ಮೇಜು ಅಥವಾ ಕಲ್ಲಿನ ಕಟ್ಟೆ ಬೇಕು.

ನೀರಿಗೆ ಮಳೆಯೇ ಆಧಾರ. ಈ ಭಾಗದ ವಾರ್ಷಿಕ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಇದೆ. ಹತ್ತು ಚದರ ಮೀಟರಿನ ಒಂದು ಸಣ್ಣ ಛಾವಣಿಯ ಮೇಲೆ ಇಷ್ಟು ಮಳೆ ಬಿದ್ದರೆ 6,000 ಲೀಟರು ನೀರಾಗುತ್ತದೆ. ಅದರಲ್ಲಿ ಆರನೆಯ ಒಂದು ಪಾಲು ಹಿಡಿದಿಟ್ಟರೂ ತೊಟ್ಟಿಯ ವರ್ಷದ ಅಗತ್ಯದ ಬಹುಭಾಗ ಕಳೆಯುತ್ತದೆ. ಮೊದಲ ಎರಡು ಮಳೆಯ ನೀರನ್ನು ಬಿಟ್ಟುಬಿಡಬೇಕು. ದ್ರಾಕ್ಷಿ ಪಡದ ಸಿಂಪರಣೆಯ ತುಂತುರು ಗಾಳಿಗೆ ಬಂದು ಛಾವಣಿಯ ಮೇಲೆ ಕೂತಿರುತ್ತದೆ. ಮಳೆ ನೀರು ಸಾಲದಾದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನ ನೀರು ಆಗುತ್ತದೆ, ಆದರೆ ಅದರ ಕರಗಿದ ಲವಣ ಲೀಟರಿಗೆ 100 ಮಿಲಿಗ್ರಾಮಿಗಿಂತ ಕಡಿಮೆ ಇದೆಯೇ ಎಂದು ಮೀಟರು ಇಟ್ಟು ನೋಡಿಕೊಳ್ಳಬೇಕು. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಗಾಳಿಯಾಡಿಸಿ ಒಂದು ದಿನ ಇಟ್ಟೇ ಬಳಸತಕ್ಕದ್ದು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಸತುವು ಲೇಪಿಸಿದ ಬಕೆಟ್ಟು ಇವುಗಳಲ್ಲಿ ಈ ನೀರನ್ನು ಇಡಲೇಬಾರದು. ಪ್ಲಾಸ್ಟಿಕ್ ಡ್ರಮ್ಮು ಸಾಕು, ಅದೂ ಔಷಧಿ ಕಲಸಿದ್ದಾಗಿರಬಾರದು.

100 ಲೀಟರು ನೀರಿಗೆ ಮೂರೂವರೆಯಿಂದ ನಾಲ್ಕು ಕೆ.ಜಿ. ಕೃತಕ ಕಡಲುಪ್ಪು ಬೇಕಾಗುತ್ತದೆ. ಡ್ರಮ್ಮಿನಲ್ಲಿ ಕರಗಿಸಿ, ಗಾಳಿಯ ಪಂಪು ಹಚ್ಚಿ ಒಂದು ದಿನ ಬಿಟ್ಟು ಅಳೆಯಬೇಕು. ದ್ರಾಕ್ಷಿಯ ಸಕ್ಕರೆ ನೋಡುವ ಬ್ರಿಕ್ಸ್ ರಿಫ್ರಾಕ್ಟೋಮೀಟರು ಅನೇಕರ ಮನೆಯಲ್ಲಿದೆ. ಉಪ್ಪನ್ನು ಅಳೆಯುವುದೂ ಅದೇ ತತ್ತ್ವದ ಉಪಕರಣ, ಆದರೆ ಗುರುತಿನ ಪಟ್ಟಿ ಬೇರೆ. ಸಕ್ಕರೆಯ ಮೀಟರಿನಿಂದ ಉಪ್ಪನ್ನು ಅಂದಾಜು ಮಾಡಬಾರದು. ಕಡಲ ನೀರಿನದನ್ನೇ ಕೊಂಡು, ಸಾಪೇಕ್ಷ ಸಾಂದ್ರತೆ 1.025ರ ಸುಮಾರಿಗೆ ಬರುವಂತೆ ನೋಡಿಕೊಳ್ಳಬೇಕು. ರಸಸಾರ 8.1ರಿಂದ 8.4ರ ಒಳಗಿರಬೇಕು.

ತಳಕ್ಕೆ ತೊಳೆದ ಸುಣ್ಣದ ಕಲ್ಲಿನ ಹರಳು ಹಾಕಬಹುದು. ಅಡಗಲು ಕುಂಬಾರನ ಮನೆಯ, ಬಣ್ಣ ಹಚ್ಚದ ಒಂದು ಸಣ್ಣ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿದರೆ ಬಹಳ ಅನುಕೂಲ. ಮುಂದೆ ಜೋಡಿ ಮೊಟ್ಟೆಯಿಡುವುದೂ ಅದರ ಮೇಲೆಯೇ. ಗಾಳಿಯ ಪಂಪಿನಿಂದ ನಡೆಯುವ ಎರಡು ಸ್ಪಂಜಿನ ಸೋಸುಕಗಳು ಈ ತೊಟ್ಟಿಗೆ ಸಾಲುತ್ತವೆ.

ತೊಟ್ಟಿ ಹದಕ್ಕೆ ಬರಬೇಕು

ಬಹುಮಂದಿ ತಪ್ಪುವುದು ಈ ಹಂತದಲ್ಲಿ. ಇಂದು ನೀರು ತುಂಬಿ ನಾಳೆಯೇ ಮೀನು ಬಿಡುತ್ತಾರೆ, ಹತ್ತು ದಿನದೊಳಗೆ ಮೀನು ಸಾಯುತ್ತದೆ. ಕಾರಣ ಅಮೋನಿಯಾ.

ಯೂರಿಯಾ ಹಾಕಿದ ಹೊಲದಲ್ಲಿ ಏನಾಗುತ್ತದೆಂಬುದನ್ನು ನೆನೆದರೆ ಇದು ತಿಳಿಯುತ್ತದೆ. ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ. ಅದನ್ನು ಮಣ್ಣಿನ ಒಂದು ಬಗೆಯ ಅಣುಜೀವಿಗಳು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ನೈಟ್ರೇಟ್ ಆಗಿಯೂ ಮಾಡುತ್ತವೆ. ಮೀನಿನ ಕಿವಿರಿನಿಂದ ಹೊರಬರುವ, ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ತೊಟ್ಟಿಯಲ್ಲಿ ಇದೇ ಹಾದಿ ಹಿಡಿಯಬೇಕು. ಹೊಲದಲ್ಲಿ ಈ ಅಣುಜೀವಿಗಳು ಮೊದಲೇ ಇವೆ. ಹೊಸ ತೊಟ್ಟಿಯಲ್ಲಿ ಇಲ್ಲ, ಬೆಳೆಸಿಕೊಳ್ಳಬೇಕು. ಇನ್ನೊಂದು ವಿಷಯ: ಕ್ಷಾರಗುಣದ ಎರೆ ಭೂಮಿಯ ಮೇಲೆ ಯೂರಿಯಾ ಎರಚಿ ಹಾಗೆಯೇ ಬಿಟ್ಟರೆ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ, ರಸಸಾರ ಹೆಚ್ಚಿದಷ್ಟೂ ಹೆಚ್ಚು. ಕಡಲ ನೀರೂ ಕ್ಷಾರವೇ. ಆದ್ದರಿಂದ ಇಲ್ಲಿ ವಿಷಕಾರಿ ಅನಿಲ ರೂಪದಲ್ಲಿರುವ ಅಮೋನಿಯಾದ ಪಾಲು ಸಾಮಾನ್ಯವಾಗಿ ಸಿಹಿ ನೀರಿನಲ್ಲಿರುವುದಕ್ಕಿಂತ ಹೆಚ್ಚಾಗಿರುತ್ತದೆ. ಸಿಹಿ ನೀರಿನ ತೊಟ್ಟಿಯಲ್ಲಿ ಕ್ಷಮೆ ಸಿಗುವ ಅಚಾತುರ್ಯಕ್ಕೆ ಇಲ್ಲಿ ಕ್ಷಮೆಯಿಲ್ಲ.

ಮೀನು ಇಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ, ಸೋಸುಕ ನಡೆಸುತ್ತ ನಾಲ್ಕರಿಂದ ಆರು ವಾರ ಕಾಯಬೇಕು. ಪರೀಕ್ಷಾ ಕಿಟ್ಟಿನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಕಂಡ ದಿನ ತೊಟ್ಟಿ ಹದಕ್ಕೆ ಬಂದಿತೆಂದು ತಿಳಿಯಬೇಕು. ಖಾಲಿ ನೀರನ್ನು ನೋಡುತ್ತ ಮಕ್ಕಳು ಬೇಸರಪಡುತ್ತಾರೆ. ಪಡಲಿ.

ಮೀನು ಬಿಡುವುದು ಮತ್ತು ಮೇವು

ಕಡಲ ಮೀನು ಬಹುಶಃ ಬೆಂಗಳೂರು ಅಥವಾ ಮುಂಬಯಿ ಕಡೆಯಿಂದ ರಾತ್ರಿ ಪ್ರಯಾಣದಲ್ಲಿ ಬರಬೇಕಾಗುತ್ತದೆ. ಚೀಲವನ್ನು ತೊಟ್ಟಿಯ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಬಿಟ್ಟು, ಬಳಿಕ ಚೀಲದ ನೀರಿಗೆ ಐದೈದು ನಿಮಿಷಕ್ಕೆ ಅರ್ಧ ಲೋಟ ತೊಟ್ಟಿಯ ನೀರನ್ನು ಬೆರೆಸುತ್ತ ಮುಕ್ಕಾಲು ಗಂಟೆಯ ನಂತರ ಮೀನನ್ನು ಮಾತ್ರ ಎತ್ತಿ ಬಿಡಬೇಕು. ಚೀಲದ ನೀರು ತೊಟ್ಟಿಗೆ ಬೇಡ. ಬಿಳಿ ಚುಕ್ಕೆ ರೋಗ ಬಂದಿದ್ದರೆ ತಿಳಿಯಲೆಂದು ಮುಂದೆ ತರುವ ಯಾವುದೇ ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇಡತಕ್ಕದ್ದು.

ದಿನಕ್ಕೆರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಒಣ ಆಹಾರ. ವಾರಕ್ಕೊಂದೆರಡು ಸಲ ಆರ್ಟೀಮಿಯಾ ಅಥವಾ ಸಣ್ಣಗೆ ಹೆಚ್ಚಿದ ಸೀಗಡಿ. ಹಸಿದ ಮೀನಿಗಿಂತ ಹೊಟ್ಟೆ ಬಿರಿಯ ತಿಂದ ಮೀನಿನ ತೊಟ್ಟಿಯೇ ಬೇಗ ಕೆಡುತ್ತದೆ. ಹದಿನೈದು ದಿನಕ್ಕೊಮ್ಮೆ 15 ಲೀಟರು ನೀರನ್ನು ತೆಗೆದು ಅಷ್ಟೇ ಹೊಸ ಕಡಲ ನೀರನ್ನು ಹಾಕಬೇಕು. ಒಂದು ಸಲಕ್ಕೆ 525 ಗ್ರಾಮಿನಂತೆ ವರ್ಷಕ್ಕೆ 13 ಕೆ.ಜಿ.ಯಷ್ಟು ಉಪ್ಪು ಖರ್ಚಾಗುತ್ತದೆ. ತೊಟ್ಟಿ ಕೊಳ್ಳುವ ಮೊದಲೇ ಈ ಉಪ್ಪಿನ ಬೆಲೆಯನ್ನು ವಿಚಾರಿಸಿ ಲೆಕ್ಕ ಹಾಕಿಕೊಳ್ಳುವುದು ಜಾಣತನ.

ಒಗ್ಗಿದ ಜೋಡಿ ಒಂದೆರಡು ವರ್ಷದಲ್ಲಿ ಮಡಕೆಯ ಮೇಲೆ ಕಿತ್ತಳೆ ಬಣ್ಣದ ನೂರಾರು ಮೊಟ್ಟೆಗಳನ್ನಿಡಬಹುದು. ಗಂಡು ಮೀನು ಅವಕ್ಕೆ ರೆಕ್ಕೆಯಿಂದ ಗಾಳಿ ಹಾಕುತ್ತ ಕಾವಲಿರುತ್ತದೆ. ಒಂದು ವಾರದ ಮೇಲೆ ಕತ್ತಲಾದ ನಂತರ ಒಡೆಯುತ್ತವೆ. ಮರಿಗಳಿಗೆ ರೋಟಿಫರ್ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳನ್ನು ಬೆಳೆಸಿ ಉಣಿಸಬೇಕಾಗುವುದರಿಂದ ಇದನ್ನು ಉಪಕಸುಬೆಂದು ಹಿಡಿಯುವ ಮುನ್ನ ತರಬೇತಿ ಅಗತ್ಯ. ಹೆಚ್ಚಿನ ವಿವರಗಳಿಗೆ ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕಾ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ವಿಚಾರಿಸಬಹುದು.

ಬೇಸಿಗೆ, ಔಷಧಿ ಮತ್ತು ಹೊಗೆ

ಈ ಮೀನಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಉಪ್ಪು ನೀರಿನಲ್ಲಂತೂ ಮೊದಲೇ ಕಡಿಮೆ. 30 ಡಿಗ್ರಿಯಲ್ಲಿ ಸಿಹಿ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಹಿಡಿದರೆ ಕಡಲ ನೀರು 6.2 ಮಾತ್ರ. ತೊಟ್ಟಿಯನ್ನು ತಗಡಿನ ಮನೆಯಲ್ಲಾಗಲಿ, ಪಡುವಣ ಗೋಡೆಗಾಗಲಿ ಇಡಕೂಡದು. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಯ ನಡುಮನೆಗಿಂತ ಒಳ್ಳೆಯ ಜಾಗವಿಲ್ಲ. ಮುಚ್ಚಳ ತೆಗೆದು ಜಾಳಿಗೆ ಹೊದಿಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಮಾಡಿದರೆ ನೀರು ಎರಡು ಮೂರು ಡಿಗ್ರಿ ತಣಿಯುತ್ತದೆ. ಮಂಗಳೂರಿನ ಜಿಗುಟು ಸೆಕೆಗಿಂತ ನಮ್ಮ ಒಣ ಹವೆಯಲ್ಲಿ ಈ ಉಪಾಯ ಹೆಚ್ಚು ಫಲಿಸುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ. ಕರೆಂಟು ಹೋದಾಗ ನಡೆಯಲು ಬ್ಯಾಟರಿಯ ಗಾಳಿ ಪಂಪೊಂದು ಇರಲೇಬೇಕು.

ಆದರೆ ತಣಿಯುವಿಕೆಗೆ ಬೆಲೆ ತೆರಬೇಕು. ಬೇಸಿಗೆಯಲ್ಲಿ ಈ ತೊಟ್ಟಿಯಿಂದ ದಿನಕ್ಕೆ ಒಂದೂವರೆ ಎರಡು ಲೀಟರು ಆವಿಯಾಗಿ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಸವಳು ಭೂಮಿಯ ಮೇಲೆ ಬೇಸಿಗೆಯಲ್ಲಿ ಬಿಳಿ ಪದರು ಏಳುವುದು ಇದೇ ಕ್ರಿಯೆಯಿಂದ. ಒಂದು ವಾರ ಅಲಕ್ಷ್ಯ ಮಾಡಿ 10 ಲೀಟರು ಕಡಿಮೆಯಾದರೆ ಲೀಟರಿಗೆ 35 ಗ್ರಾಂ ಇದ್ದದ್ದು 39 ಆಗುತ್ತದೆ. ಆದಕಾರಣ ಗಾಜಿನ ಮೇಲೆ ಗೆರೆ ಎಳೆದು, ದಿನಾಲೂ ಆ ಗೆರೆಯವರೆಗೆ ಉಪ್ಪಿಲ್ಲದ ಮಳೆ ನೀರನ್ನು ತುಂಬಬೇಕು. ಇಲ್ಲಿ ಬೋರಿನ ನೀರು ಬಳಸಿದರೆ ಏನಾಗುತ್ತದೆ? ಲೀಟರಿಗೆ 2 ಗ್ರಾಂ ಲವಣದ ನೀರನ್ನು ದಿನಕ್ಕೆ ಒಂದೂವರೆ ಲೀಟರಿನಂತೆ ಎರಡು ತಿಂಗಳು ಸುರಿದರೆ 180 ಗ್ರಾಂ ಬಾವಿಯ ಉಪ್ಪು ತೊಟ್ಟಿಗೆ ಸೇರುತ್ತದೆ, ಜೊತೆಗೆ ಹೊಲದ ಗೊಬ್ಬರದಿಂದ ಬಾವಿಗೆ ಇಳಿದ ನೈಟ್ರೇಟು.

ಕೃಷಿಕರ ಮನೆಯಲ್ಲಿ ಇನ್ನೊಂದು ಅಪಾಯವುಂಟು. ಬೋರ್ಡೋ ದ್ರಾವಣದ ತಾಮ್ರವಾಗಲಿ, ಸೈಪರ್‌ಮೆಥ್ರಿನ್ ಜಾತಿಯ ಕೀಟನಾಶಕವಾಗಲಿ ಮೀನಿಗೆ ಅತಿ ಸ್ವಲ್ಪವೇ ಸಾಕು. ಸಿಂಪರಣೆ ಮಾಡಿ ಬಂದ ಕೈಯನ್ನು, ಎಷ್ಟೇ ತೊಳೆದಿದ್ದರೂ, ಆ ದಿನ ತೊಟ್ಟಿಗೆ ಹಾಕಬಾರದು. ಗಾಳಿಯ ಪಂಪು ಕೋಣೆಯ ಗಾಳಿಯನ್ನೆಳೆದು ನೀರಿಗೆ ನುಗ್ಗಿಸುತ್ತದೆಂಬುದನ್ನು ಮರೆಯಬಾರದು. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ ಬೇಡ. ಒಣದ್ರಾಕ್ಷಿ ಶೆಡ್ಡಿನಲ್ಲಿ ಗಂಧಕದ ಹೊಗೆ ಹಾಕುವ ದಿನಗಳಲ್ಲಿ ಆ ಕಡೆಯ ಕಿಟಕಿ ಮುಚ್ಚಿರಬೇಕು.

ತೆಗೆದ ನೀರನ್ನು ಎಲ್ಲಿ ಚೆಲ್ಲಬೇಕು?

ಸಿಹಿ ನೀರಿನ ತೊಟ್ಟಿಯಿಂದ ತೆಗೆದ ಕೊಳೆ ನೀರು ಹಿತ್ತಲಿನ ಗಿಡಗಳಿಗೆ ಒಳ್ಳೆಯ ಗೊಬ್ಬರ. ಆ ರೂಢಿಯಲ್ಲಿ ಕಡಲ ತೊಟ್ಟಿಯ ನೀರನ್ನೂ ಕರಿಬೇವಿಗೋ ದಾಳಿಂಬೆಗೋ ಸುರಿದರೆ ಗಿಡ ಸುಟ್ಟುಹೋಗುತ್ತದೆ. ಒಂದು ಸಲದ 15 ಲೀಟರಿನಲ್ಲಿ ಅರ್ಧ ಕೆ.ಜಿ.ಗೂ ಮಿಕ್ಕಿ ಉಪ್ಪಿದೆ. ವರ್ಷಕ್ಕೆ 13 ಕೆ.ಜಿ. ಉಪ್ಪನ್ನು ಒಂದೇ ಜಾಗದ ಎರೆ ಮಣ್ಣಿಗೆ ಉಣಿಸಿದರೆ ಆ ಮಣ್ಣು ಬಿಗಿದು, ಜಿಪ್ಸಂ ಹಾಕಿ ಸಿಹಿ ನೀರಿನಲ್ಲಿ ಹಲವು ಸಲ ತೊಳೆದ ಹೊರತು ಚೇತರಿಸಿಕೊಳ್ಳುವುದಿಲ್ಲ. ಬಾವಿಯ ಬಳಿ, ಕೃಷಿ ಹೊಂಡದ ಬಳಿಯೂ ಚೆಲ್ಲಬಾರದು. ನಗರದಲ್ಲಿರುವವರು ಬಚ್ಚಲ ಗಟಾರಕ್ಕೆ ಬಿಡಬಹುದು. ಹಳ್ಳಿಯವರು ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಒಣಗಿ ಉಪ್ಪು ಮಾತ್ರ ಉಳಿಯುತ್ತದೆ. ಅದನ್ನು ಕಟ್ಟಿ ಕಸದ ಜೊತೆ ವಿಲೇವಾರಿ ಮಾಡಬೇಕು. ಉಪ್ಪು ವ್ಯರ್ಥವಾಯಿತೆಂದು ದನಕರುಗಳ ಬಾನಿಗೆ ಬೆರೆಸಬಾರದು. ಅದರಲ್ಲಿ ನೈಟ್ರೇಟ್ ಕೂಡಿರುತ್ತದೆ. ಮೀನಿಗೆ ತಾಮ್ರದ ಔಷಧಿ ಹಾಕಿದ್ದ ನೀರಿನ ಉಪ್ಪಾಗಿದ್ದರೆ ಕುರಿಗಳನ್ನು ವಿಶೇಷವಾಗಿ ದೂರವಿಡಬೇಕು, ಏಕೆಂದರೆ ತಾಮ್ರದ ವಿಷವನ್ನು ಕುರಿ ಉಳಿದ ಜಾನುವಾರುಗಳಷ್ಟು ತಡೆದುಕೊಳ್ಳಲಾರದು.